ಒಬ್ಬರೇ ಕೂತು ಬೈಬಲ್ ಅಧ್ಯಯನ: ಎಲ್ಲಿಂದ ಶುರು ಮಾಡೋದು, ನೋಟ್ಸ್ ಹೇಗೆ ಬರೆಯೋದು?

ಕೆ.ಆರ್. ಪುರಂ ಓದುಗ

ಎಲ್ಲರಿಗೂ ವಂದನೆ. ಭಾನುವಾರದ ಪ್ರಸಂಗ, ವಾಟ್ಸಾಪಲ್ಲಿ ಬರೋ ದಿನದ ವಚನ ಬಿಟ್ಟರೆ ಬೈಬಲನ್ನ ಕೂತು ಓದಿದ್ದು ಕಮ್ಮಿ. ಇನ್ಮೇಲೆ ದಿನಕ್ಕೆ ಅರ್ಧ ಗಂಟೆ ಇಡಬಹುದು. ಶಿಫ್ಟ್ ಕೆಲಸ, ಹಾಗಾಗಿ ವಾರದ ಬೈಬಲ್ ಸ್ಟಡಿ ಗುಂಪಿಗೆ ಹೋಗೋಕಾಗಲ್ಲ. ಮನೇಲಿ ಬೈಬಲ್ ಸೊಸೈಟಿಯ ಹಳೇ 'ಸತ್ಯವೇದವು' ಇದೆ, ಫೋನಲ್ಲಿ ಆ್ಯಪ್ ಇದೆ. ಆದಿಕಾಂಡದಿಂದ ಹಿಡಿದರೆ ಯಾಜಕಕಾಂಡದ ಹತ್ರ ಗಾಡಿ ನಿಂತುಬಿಡುತ್ತೆ. ಎಲ್ಲಿಂದ ಶುರು ಮಾಡಲಿ? ಯಾವ ಅನುವಾದ? ವ್ಯಾಖ್ಯಾನದ ಪುಸ್ತಕ ಮೊದಲೇ ತಗೋಬೇಕಾ? ಗೊತ್ತಿರೋರು ಬಿಡಿಸಿ ಹೇಳಿ.

ಮಾರ್ಜಿನ್ ಮೇಷ್ಟ್ರು

ಯಾಜಕಕಾಂಡದಲ್ಲಿ ಎಲ್ಲರ ಗಾಡಿನೂ ನಿಲ್ಲುತ್ತೆ, ಲೆಕ್ಕ ಹಾಕಿ ನೋಡಿ. 66 ಪುಸ್ತಕದ ಬೈಬಲಲ್ಲಿ 1,189 ಅಧ್ಯಾಯ. ವರ್ಷದಲ್ಲಿ ಮುಗಿಸ್ತೀನಿ ಅಂದ್ರೆ ದಿನಕ್ಕೆ ಮೂರು ಚಿಲ್ಲರೆ. ಜನವರಿ 1ಕ್ಕೆ ಹೊರಟವರು ತಿಂಗಳ ಕೊನೇ ವಾರಕ್ಕೆ ಬಲಿಗಳ ನಿಯಮಕ್ಕೆ ಬಂದಿರ್ತಾರೆ. ಅದಕ್ಕೂ ಮುಂಚೆ ವಿಮೋಚನಕಾಂಡ 25ರಿಂದ 31ರವರೆಗೆ ಆರಾಧನೆಯ ಗುಡಾರದ ಅಳತೆ, 35ರಿಂದ 40ರವರೆಗೆ ಬಹುಪಾಲು ಅದೇ ಇನ್ನೊಂದು ಸಲ. ಹಿನ್ನೆಲೆ ಗೊತ್ತಿಲ್ಲದೆ ಇದನ್ನ ದಾಟೋದು ಕಷ್ಟ. ವರ್ಷದ ಪ್ಲಾನ್ ಬದಿಗಿಟ್ಟು ಒಂದು ಸಲಕ್ಕೆ ಒಂದು ಪುಸ್ತಕ ಹಿಡೀರಿ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಇದೇ ಚಿಕ್ಕದು. ಮೊದಲ ಸುತ್ತು ದಿನಕ್ಕೆ ನಾಲ್ಕು ಅಧ್ಯಾಯ, ಬಾಯಿಬಿಟ್ಟು ಓದಿ, ಪೆನ್ನು ಮುಟ್ಟಬೇಡಿ. ಎರಡನೇ ಸುತ್ತಿನಲ್ಲಿ ಒಂದೇ ಹಾಳೇಲಿ ಅಧ್ಯಾಯಕ್ಕೆ ಎರಡು ಸಾಲಿನ ಹಾಗೆ, ಎಲ್ಲಿ ನಡೀತು, ಏನಾಯ್ತು ಅಂತ ಬರೀರಿ. ಆಗ ಪುಸ್ತಕದ ಕಟ್ಟೋಣ ಕಣ್ಣಿಗೆ ಬೀಳುತ್ತೆ. 8:31, 9:31, 10:33 ಹೀಗೆ ಮೂರು ಕಡೆ ಯೇಸು ತಮ್ಮ ಸಾವಿನ ಮಾತು ಎತ್ತುತ್ತಾರೆ, ಮೂರು ಸಲವೂ ಶಿಷ್ಯರಿಗೆ ತಲೆಗೆ ಹೋಗಲ್ಲ. ಒಂದು ಸಲ ಪೇತ್ರ ಗದರಿಸೋಕೆ ಹೋಗ್ತಾನೆ, ಇನ್ನೊಂದು ಸಲ ಯಾರು ದೊಡ್ಡವರು ಅಂತ ಅವರವರಲ್ಲೇ ವಾದ, ಮೂರನೇ ಸಲ ಯಾಕೋಬ ಯೋಹಾನರು ಎಡಬಲದ ಜಾಗ ಕೇಳ್ತಾರೆ. ಈ ಭಾಗದ ಒಂದು ತುದೀಲಿ ಬೇತ್ಸಾಯಿದದ ಕುರುಡ, ಇನ್ನೊಂದು ತುದೀಲಿ ಯೆರಿಕೋವಿನ ಕುರುಡ ಬಾರ್ತಿಮಾಯ, ಇಬ್ಬರಿಗೂ ಯೇಸು ಕಣ್ಣು ಕೊಡ್ತಾರೆ. ಜೋಡಿಸಿದವರಿಗೆ ಏನೋ ಉದ್ದೇಶ ಇತ್ತು ಅನ್ನೋದು ದಿನಕ್ಕೊಂದು ವಚನ ಓದಿದರೆ ಯಾವತ್ತೂ ಕಾಣಲ್ಲ.

ಮೂರನೇ ಸುತ್ತಿನಿಂದ ಅಧ್ಯಯನ. ಒಂದು ದಿನಕ್ಕೆ ಒಂದು ಘಟನೆ, ನೋಟ್‌ಬುಕ್ಕಲ್ಲಿ ಒಂದು ಪುಟ. ಮೊದಲ ಹದಿನೈದು ನಿಮಿಷ ಕಣ್ಣಿಗೆ ಕಂಡಿದ್ದನ್ನ ಮಾತ್ರ ವಚನದ ಸಂಖ್ಯೆ ಸಮೇತ ಬರೀರಿ. ಮಾರ್ಕ 5:21-43 ತಗೊಳ್ಳಿ. ಸಾಯೋ ಸ್ಥಿತೀಲಿರೋ ಮಗಳಿಗಾಗಿ ಯಾಯಿರ ಯೇಸುವಿನ ಪಾದಕ್ಕೆ ಬೀಳ್ತಾನೆ (22), ರಕ್ತಸ್ರಾವದ ಹೆಂಗಸೂ ಅಡ್ಡಬೀಳ್ತಾಳೆ (33). ಅವಳ ಕಾಯಿಲೆಗೆ 12 ವರ್ಷ (25), ಹುಡುಗಿಯ ವಯಸ್ಸು 12 (42). ಯೇಸು ಆ ಹೆಂಗಸನ್ನ 'ಮಗಳೇ' ಅಂತ ಕರೀತಾರೆ (34), ಮರುವಚನದಲ್ಲೇ ಯಾಯಿರನಿಗೆ ಮಗಳು ತೀರಿಕೊಂಡ ಸುದ್ದಿ. ಅವನಿಗೆ ಹೆಸರಿದೆ, ಸಭಾಮಂದಿರದಲ್ಲಿ ಅಧಿಕಾರ ಇದೆ. ಅವಳಿಗೆ ಹೆಸರೇ ಇಲ್ಲ, ಇದ್ದ ದುಡ್ಡೆಲ್ಲ ವೈದ್ಯರ ಪಾಲಾಗಿದೆ (26).

ಆಮೇಲೆ ಹತ್ತು ನಿಮಿಷ ಅದೇ ಘಟನೆ ಬೇರೆ ಕಡೆ ಹೇಗಿದೆ ನೋಡಿ. ಮತ್ತಾಯ 9:18-26ರಲ್ಲಿ ಒಂಬತ್ತೇ ವಚನ, ವೈದ್ಯರ ಸುದ್ದಿ ಇಲ್ಲ, ಹುಡುಗಿ ಮೊದಲೇ ಸತ್ತಿದ್ದಾಳೆ. ಮಾರ್ಕ 23 ವಚನ ಎಳೆದು, ತಂದೆಯನ್ನ ದಾರೀಲಿ ಕಾಯಿಸ್ತಾನೆ. ಉಳಿದ ಐದು ನಿಮಿಷ ಹಳೆ ಒಡಂಬಡಿಕೆಯ ಕೊಂಡಿಗೆ. ಯಾಜಕಕಾಂಡ 15:25-27 ತೆಗೆದರೆ, ಅಂಥ ಹೆಂಗಸು ಕೂತ ಆಸನ ಮುಟ್ಟಿದವರಿಗೂ ಅಶುದ್ಧಿ ಅಂತಿದೆ. ಅರಣ್ಯಕಾಂಡ 19:11ರಲ್ಲಿ ಹೆಣ ಮುಟ್ಟಿದವರಿಗೆ ಏಳು ದಿನ. ಈ ನಿಯಮ ಇಟ್ಟುಕೊಂಡು ಮತ್ತೆ ನೋಡಿ: ಯೇಸುವನ್ನ ಆ ಹೆಂಗಸು ಮುಟ್ಟಿದಳು, ಸತ್ತ ಹುಡುಗಿಯ ಕೈಯನ್ನ ಅವರು ಹಿಡಿದರು. ನಿಮ್ಮನ್ನ ನಿಲ್ಲಿಸಿದ ಯಾಜಕಕಾಂಡಕ್ಕೆ ಇಲ್ಲಿಂದ ಹೋಗಿ, ಒಣಗಿದ ಹಾಗೆ ಅನ್ನಿಸಲ್ಲ.

ಬಹಳ ಜನ ಎಡವೋದು ಒಂದೇ ಕಡೆ: ಪುಟ ತೆಗೆದ ಕೂಡಲೇ 'ಇದರಿಂದ ನನಗೇನು ಪಾಠ' ಅಂತ ಬರೀತಾರೆ. ಹಾಗೆ ಮಾಡಿದರೆ ಯಾವ ಪುಟ ತೆಗೆದರೂ 'ನಂಬಿಕೆ ಇಡಬೇಕು, ಪ್ರಾರ್ಥನೆ ಮಾಡಬೇಕು' ಅಂತಲೇ ಬರುತ್ತೆ. ಆ ಸಾಲು ಪುಟದ ಕೊನೇಲಿರಲಿ.

ಹಡ್ಸನ್ ಸರ್ಕಲ್

ಮೇಷ್ಟ್ರು ಹೇಳಿದ್ದಕ್ಕೆ ಸಾಮಾನಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ.

ಹಳೇ ಸತ್ಯವೇದವನ್ನೇ ಮುಖ್ಯ ಪ್ರತಿ ಮಾಡ್ಕೊಳ್ಳಿ. ಸಭೇಲಿ ಕೇಳಿ ಕಿವಿಗೆ ಕೂತಿರುತ್ತೆ, ವಚನ ಹುಡುಕೋದು ಸುಲಭ. ಪೌಲನ ಪತ್ರಿಕೆಗಳಲ್ಲಿ ವಾಕ್ಯ ಉದ್ದ ಆಗಿ ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಅಂತ ತಿಳೀದಾಗ ಆ್ಯಪಲ್ಲಿರೋ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದ್ರೆ ಸಾಮಾನ್ಯ ಭಾಷೆಯ) ಅನುವಾದವನ್ನೋ ಸರಳ ಕನ್ನಡದ 'ಪರಿಶುದ್ಧ ಬೈಬಲ್' ಅನ್ನೋ ಪಕ್ಕಕ್ಕಿಟ್ಟು ನೋಡಿ. ಎರಡು ಸಾಕು. ಐದಾರು ತೆಗೆದಿಟ್ಟರೆ ಅರ್ಧ ಗಂಟೆ ಹೋಲಿಸೋದ್ರಲ್ಲೇ ಹೋಗುತ್ತೆ. ಹೊಸ ಪ್ರತಿ ಬೇಕಿದ್ರೆ ಎಂ.ಜಿ. ರಸ್ತೆಯ ಬೈಬಲ್ ಸೊಸೈಟೀಲಿ ವಿಚಾರಿಸಿ. ಕಣ್ಣು ಸೋಲೋರು ದೊಡ್ಡ ಅಕ್ಷರದ್ದು ಕೇಳಿ.

ಕ್ಯಾಥೊಲಿಕರ 'ಶ್ರೀಗ್ರಂಥ'ದಲ್ಲಿ 73 ಪುಸ್ತಕ ಇರುತ್ತೆ. ನೀವು ಯಾವ ಸಭೆಯವರಾದರೂ ಅದರಲ್ಲಿ ಹೆಚ್ಚಿಗೆ ಇರೋ 1 ಮಕ್ಕಬಿಯರು ಅನ್ನೋ ಪುಸ್ತಕ ಒಂದು ಸಲ ಓದಿ. ಯೋಹಾನ 10:22ರಲ್ಲಿ ಚಳಿಗಾಲದ ಪ್ರತಿಷ್ಠೆಯ ಹಬ್ಬ ಅಂತ ಬರುತ್ತಲ್ಲ, ಅದು ಹೇಗೆ ಶುರುವಾಯ್ತು ಅನ್ನೋದು ಅದರ ನಾಲ್ಕನೇ ಅಧ್ಯಾಯದಲ್ಲಿದೆ.

ಬೈಬಲ್ ಪೇಪರ್ ತೆಳು. ಜೆಲ್ ಪೆನ್ನು, ಸ್ಕೆಚ್, ಹೈಲೈಟರ್ ಹಿಂದಿನ ಪುಟಕ್ಕೆ ಇಳಿಯುತ್ತೆ. ಸಾದಾ ಪೆನ್ಸಿಲ್ ಅಥವಾ ಬಣ್ಣದ ಪೆನ್ಸಿಲ್ ಬಳಸಿ, ಚೂಪು ಮಾಡಿ ಒತ್ತಬೇಡಿ. ಇನ್ನೂ ಒಳ್ಳೇದು ಅಂದ್ರೆ ಫಿಲಿಪ್ಪಿಯ ಥರದ ಚಿಕ್ಕ ಪತ್ರಿಕೆಯನ್ನ (ನಾಲ್ಕು ಅಧ್ಯಾಯ, 104 ವಚನ) ಕಾಪಿ ಮಾಡಿ, ತಲೆಬರಹ, ಅಧ್ಯಾಯ ಸಂಖ್ಯೆ ತೆಗೆದು, ಸಾಲಿನ ಮಧ್ಯೆ ಜಾಗ ಬಿಟ್ಟು ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸಿ. ತಲೆಬರಹಗಳು ಪ್ರಕಾಶಕರು ಹಾಕಿದ್ದು. ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು, ಹೊಸ ಒಡಂಬಡಿಕೆಯ ವಚನ ಸಂಖ್ಯೆ 1551ರದ್ದು. ಕೆಲವು ಕಡೆ ತಪ್ಪು ಜಾಗದಲ್ಲಿ ಕತ್ತರಿಸಿದ್ದಾರೆ. ಯೆಶಾಯ 53 ಅಂತ ಎಲ್ಲರೂ ಓದೋ ಸೇವಕನ ಹಾಡು ಶುರುವಾಗೋದು 52:13ರಲ್ಲಿ. ಮೊದಲನೇ ಸೃಷ್ಟಿಯ ವೃತ್ತಾಂತ ಮುಗಿಯೋದು ಆದಿಕಾಂಡ 2:3ಕ್ಕೆ.

ಕೆ.ಆರ್. ಪುರಂ ಓದುಗ

ತುಂಬಾ ಉಪಕಾರ ಆಯ್ತು. ಎರಡು ಪ್ರಶ್ನೆ ಉಳೀತು. ಪ್ರವಾದಿಗಳ ಪುಸ್ತಕ ತೆಗೆದರೆ ಯಾರು ಯಾರಿಗೆ ಬೈತಿದ್ದಾರೆ ಅಂತಲೇ ಗೊತ್ತಾಗಲ್ಲ, ಅದಕ್ಕೇನು ಮಾಡೋದು? ವ್ಯಾಖ್ಯಾನದ ಪುಸ್ತಕದ ಬಗ್ಗೆ ಯಾರೂ ಹೇಳಲಿಲ್ಲ.

ಅರಸುಗಳು_ಪೂರ್ವಕಾಲ

ಪ್ರವಾದಿಗಳಿಗೆ ಮೂರು ಇಸವಿ ಸಾಕು, ಬೈಬಲಿನ ಒಳರಟ್ಟಿನ ಮೇಲೆ ಬರೆದಿಡಿ. ಕ್ರಿ.ಪೂ. 722ರ ಸುಮಾರಿಗೆ ಉತ್ತರದ ಇಸ್ರಾಯೇಲ್ ಅಶ್ಶೂರರಿಗೆ ಬಿತ್ತು. 587ರ ಸುಮಾರಿಗೆ ಯೆರೂಸಲೇಮು ಬಾಬೆಲಿನವರಿಗೆ. 538ರ ಸುಮಾರಿಗೆ ಪಾರಸಿಯ ಅರಸ ಕೋರೆಷ, ಸೆರೆಹೋದ ಯೆಹೂದ್ಯರನ್ನ ವಾಪಸ್ ಹೋಗೋಕೆ ಬಿಟ್ಟ. ಯಾವ ಪ್ರವಾದಿಯನ್ನ ತೆಗೆದರೂ ಮೊದಲ ವಚನದಲ್ಲಿ ಅರಸನ ಹೆಸರಿದ್ಯಾ ನೋಡಿ, ಇದ್ದರೆ ಆ ಅರಸನ ಕಥೆ ಅರಸುಗಳ ಪುಸ್ತಕದಲ್ಲಿ (ಪಾರಸಿಯ ಅರಸನಾದರೆ ಎಜ್ರದಲ್ಲಿ) ಓದಿ ಬನ್ನಿ. ಆಮೋಸ, ಹೋಶೇಯ ಉತ್ತರದವರಿಗೆ ಹೇಳಿದ್ದು, 722ಕ್ಕೆ ಮುಂಚೆ. ಯೆರೆಮೀಯ 587ರ ಆಚೀಚೆ. ಹಗ್ಗಾಯ ಹಿಂದಿರುಗಿದವರಿಗೆ, ಕ್ರಿ.ಪೂ. 520.

ಕಲಿಯೋಕೆ ಹಗ್ಗಾಯನೇ ಒಳ್ಳೇದು, ಎರಡೇ ಅಧ್ಯಾಯ, ಪ್ರತಿ ಭಾಷಣಕ್ಕೂ ತಾರೀಖು ಇದೆ. ಮೊದಲು ಎಜ್ರ 3ರಿಂದ 6, ಆಮೇಲೆ ಹಗ್ಗಾಯ. ದೇವಾಲಯದ ಕೆಲಸ ನಿಂತಿದೆ, ಜನ ತಮ್ಮ ಮನೆಗೆ ಹಲಗೆ ಹೊದಿಸ್ಕೊಂಡು ಕೂತಿದ್ದಾರೆ, ಅದಕ್ಕೇ ಬೈಗುಳ. ಯೆಹೆಜ್ಕೇಲ, ಪ್ರಕಟನೆ ಈಗಲೇ ಬೇಡ. ಹಳೆ ಒಡಂಬಡಿಕೆ ತಿಳೀದೆ ಪ್ರಕಟನೆ ಹಿಡಿದವರು ಕೊನೆಗೆ ಯೂಟ್ಯೂಬ್ ವೀಡಿಯೊ ಹೇಳಿದ್ದನ್ನೇ ನಂಬ್ತಾರೆ.

ವಾಟ್ಸಾಪ್ ವಚನಗಳಿಗೂ ಇದೇ ಔಷಧಿ, ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ. ಒಳ್ಳೇ ಭವಿಷ್ಯ ಕೊಡ್ತೀನಿ ಅನ್ನೋ ಯೆರೆಮೀಯ 29:11 ಪರೀಕ್ಷೆ, ಇಂಟರ್‌ವ್ಯೂ ದಿನ ಎಲ್ಲರಿಗೂ ಬರುತ್ತೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಅಂತಿದೆ, ಓದಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಅಲ್ಲೇ ಸಾಯ್ತಾರೆ. ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನೋ ಫಿಲಿಪ್ಪಿ 4:13ಕ್ಕೂ ಹಾಗೆ, 11-12ರಲ್ಲಿ ಹಸಿವಾದರೂ ಹೊಟ್ಟೆ ತುಂಬಿದರೂ ಇರಬಲ್ಲೆ ಅಂತ ಪೌಲ ಸೆರೇಲಿ ಕೂತು ಬರೀತಿದ್ದಾನೆ.

ವ್ಯಾಖ್ಯಾನ ನಿಮ್ಮ ಪುಟ ತುಂಬಿದ ಮೇಲೆ ತೆಗೀರಿ. ಮೊದಲೇ ತೆಗೆದರೆ ಅವರು ಕಂಡದ್ದೇ ನಿಮಗೂ ಕಾಣುತ್ತೆ. ಆ್ಯಪ್‌ಗಳಲ್ಲಿ ಪುಕ್ಕಟೆ ಸಿಗೋದು ಹೆಚ್ಚಾಗಿ ಹಕ್ಕುಸ್ವಾಮ್ಯ ಮುಗಿದ ಹಳೇವು. ಹೆಸರಾದ ವ್ಯಾಖ್ಯಾನಕಾರ ಮ್ಯಾಥ್ಯೂ ಹೆನ್ರಿ ತೀರಿಕೊಂಡಿದ್ದೇ 1714ರಲ್ಲಿ. ಭಕ್ತಿಗೆ ಚೆನ್ನ, ಇತಿಹಾಸಕ್ಕೆ ಸಾಲದು, ಬೈಬಲಿನ ಬಹಳ ಹಳೇ ಕೈಬರಹಗಳಿರೋ ಮೃತಸಮುದ್ರದ ಸುರುಳಿಗಳು ಸಿಕ್ಕಿದ್ದು 1947ರಿಂದ ಈಚೆಗೆ. ಇಂಗ್ಲಿಷ್ ಓದೋಕಾದರೆ ನೀವು ಹಿಡಿದ ಪುಸ್ತಕಕ್ಕೆ ಒಂದೇ ಒಂದು ಈಚಿನ ಸಂಪುಟ ತಗೊಳ್ಳಿ, ಇಡೀ ಸೆಟ್ ಬೇಡ. ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕೆಲವೊಮ್ಮೆ ಬಿಡಿ ಸಂಪುಟ ಸಿಗುತ್ತೆ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೆ ದೊಡ್ಡ ಗ್ರಂಥಾಲಯ ಇದೆ, ಹೊರಗಿನವರಿಗೆ ನಿಯಮ ಏನು ಅಂತ ಫೋನ್ ಮಾಡಿ ಕೇಳ್ಕೊಂಡು ಹೋಗಿ. ಚಾಟ್‌ಬಾಟ್ ಕೇಳೋದಾದರೆ ಅದು ಕೊಟ್ಟ ವಚನ ಸಂಖ್ಯೆನ ಒಂದೊಂದಾಗಿ ತೆಗೆದು ನೋಡಿ, ಇಲ್ಲದ್ದನ್ನೂ ಇದೆ ಅಂತ ಹೇಳಿಬಿಡುತ್ತೆ.

ಮಾರ್ಜಿನ್ ಮೇಷ್ಟ್ರು

ಒಂದು ತಿದ್ದುಪಡಿ: ಯೆಹೆಜ್ಕೇಲ ಪೂರ್ತಿ ಬೇಡ ಅಂತೇನಿಲ್ಲ, 34 ಮತ್ತು 37 ಈಗಲೇ ಓದಬಹುದು. ಮಾರ್ಕ ಮುಗಿದ ಮೇಲೆ ಅಪೊಸ್ತಲರ ಕೃತ್ಯಗಳಿಗೆ ಹೋಗೋ ಮುಂಚೆ ಫಿಲೆಮೋನ ಅನ್ನೋ ಚಿಕ್ಕ ಪತ್ರಿಕೆಗೆ ಒಂದು ದಿನ ಇಟ್ಕೊಳ್ಳಿ. 25 ವಚನ, ಒಂದೇ ಪುಟ. ಯಾರು ಯಾರಿಗೆ, ಯಾರ ಬಗ್ಗೆ, ಏನು ಕೇಳ್ಕೊಂಡು ಬರೆದಿದ್ದಾರೆ ಅಂತ ನಾಲ್ಕು ಉತ್ತರ ಬರೆದು ಇಲ್ಲಿ ಹಾಕಿ, ನೋಡಿ ಹೇಳ್ತೀವಿ.