ಕಿತ್ತಳೆಗೆ ಗ್ರೀನಿಂಗ್ ರೋಗ ಬಂದಾಯಿತು, ಇನ್ನು ರೋಗಾಣುವಿನ ತಳಿ ತಿಳಿದು ಏನು ಮಾಡುವುದು?

ಸುಂಟಿಕೊಪ್ಪ ಬೆಳೆಗಾರ:
ಕಾಫಿ ನಡುವೆ ಕಿತ್ತಳೆ ಗಿಡಗಳಿವೆ. ಎಲೆಯ ಹಳದಿ ನಡುನರದ ಎಡಕ್ಕೊಂದು ಥರ, ಬಲಕ್ಕೊಂದು ಥರ. ಕಾಯಿ ಸೊಟ್ಟ, ಬೀಜ ಜೊಳ್ಳು. ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿದೆ, ಗ್ರೀನಿಂಗ್ ಪಾಸಿಟಿವ್ ಬಂತು. ಈಗ ಸಂಶೋಧನೆ ಮಾಡುವ ಹುಡುಗರು "ಯಾವ ತಳಿಯ ಬ್ಯಾಕ್ಟೀರಿಯಾ ಅಂತ ನೋಡುತ್ತೇವೆ, ಇನ್ನಷ್ಟು ಎಲೆ ಕೊಡಿ" ಅನ್ನುತ್ತಿದ್ದಾರೆ. ಎಲ್ಲ ಕಡೆ ಇರುವುದು ಒಂದೇ ಅಲ್ವಾ? ಇದರಿಂದ ಗಿಡ ಉಳಿಯುತ್ತದಾ?

ಎಲೆರೋಗ:
ಸರ್, ಗಿಡ ಉಳಿಯುವುದಿಲ್ಲ. ಸುಮ್ನೆ ಆಸೆ ಹುಟ್ಟಿಸುವುದು ಬೇಡ. ಆದರೂ ಎಲೆ ಕೊಡಿ.

ನಾನು ಲ್ಯಾಬ್‌ನಲ್ಲಿ ಮಾಡುವುದು ಇದೇ ಕೆಲಸ. ಈ ಬ್ಯಾಕ್ಟೀರಿಯಾವನ್ನು ಬೇರೆಯವುಗಳ ಹಾಗೆ ತಟ್ಟೆಯಲ್ಲಿ ಬೆಳೆಸಲು ಆಗುವುದಿಲ್ಲ. ಹಾಗಾಗಿ ಎಲೆಯ ತೊಟ್ಟು, ನಡುನರ ಅರೆದು ನೇರವಾಗಿ ಡಿಎನ್‌ಎ ತೆಗೆಯುತ್ತೇವೆ. ಇದರ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಮೊದಲು ಸಿಕ್ಕಿದ್ದು 2009ರಲ್ಲಿ, ಅದೂ ಫ್ಲೋರಿಡಾದ ಒಂದೇ ಒಂದು ಸಿಲ್ಲಿಡ್ ಹುಳುವಿನಿಂದ (ರಸ ಹೀರುತ್ತಾ ಈ ರೋಗ ಹರಡುವ ಪುಟ್ಟ ಹುಳು). ಸುಮಾರು 12 ಲಕ್ಷ ಅಕ್ಷರ, ಅಷ್ಟೇ.

ನೀವು ಹೇಳಿದಂತೆ ಜಾತಿ ಒಂದೇ. ಆದರೆ ಜೀನೋಮಿನ ಕೆಲವು ಜಾಗಗಳಲ್ಲಿ ಏಳು ಅಕ್ಷರದಂಥ ಪುಟ್ಟ ತುಂಡು ಮತ್ತೆ ಮತ್ತೆ ಬರುತ್ತದೆ. ಒಂದು ತೋಟದಲ್ಲಿ ಐದು ಸಲ, ಇನ್ನೊಂದರಲ್ಲಿ ಹತ್ತಕ್ಕೂ ಜಾಸ್ತಿ. ಚೀನಾದ ಗ್ವಾಂಗ್‌ಡಾಂಗ್ ಮತ್ತು ಫ್ಲೋರಿಡಾದ ಮಾದರಿಗಳು ಬೇರೆಯಾಗಿ ಕಂಡದ್ದು ಹೀಗೆ ಎಣಿಸಿದಾಗಲೇ. ಜೀನೋಮಿನ ಒಂದೇ ಜಾಗ ನೋಡಿ ತೀರ್ಮಾನ ಮಾಡಬಾರದು, ಅದು ಬೇಗ ಬದಲಾಗುತ್ತದೆ. ನಾಲ್ಕೈದು ಜಾಗ ಸೇರಿಸಿ ನೋಡಬೇಕು.

ನಿಮಗೆ ಉಪಯೋಗ ಇಲ್ಲಿದೆ. ರೋಗ ಹರಡುವುದು ಎರಡು ದಾರಿಯಲ್ಲಿ: ಸಿಲ್ಲಿಡ್, ಇಲ್ಲವೇ ರೋಗದ ಮರದಿಂದ ತೆಗೆದ ಕಸಿ ಕಣ್ಣು. ನಿಮ್ಮ ಗಿಡಗಳ ಬ್ಯಾಕ್ಟೀರಿಯಾದಲ್ಲೆಲ್ಲ ಈ ಎಣಿಕೆಯ ನಮೂನೆ ಒಂದೇ, ಅಕ್ಕಪಕ್ಕದ ತೋಟದಲ್ಲಿ ಬೇರೆ ನಮೂನೆ ಅಂದರೆ ಸಸಿ ಜೊತೆಗೇ ಬಂದಿರಬೇಕು. ಪಕ್ಕದ ತೋಟದ್ದೇ ನಮೂನೆಯಾದರೆ ಹುಳುವಿನ ಮೇಲೆ ಅನುಮಾನ. ಮುಂದೆ ಏನು ನೆಡಬೇಕು, ಎಲ್ಲಿಂದ ತರಬೇಕು ಅನ್ನುವುದು ಇದರ ಮೇಲೇ ನಿಂತಿದೆ. ಅಂದಹಾಗೆ, ನಿಮ್ಮವು ಬೀಜದ ಸಸಿಯಾ, ಕಸಿಯಾ?

ಮಡಿಕೇರಿ ಅಕ್ಕ:
ಅಣ್ಣ, ಮನೆ ಹಿಂದಿನ ಕರಿಬೇವಿನ ಚಿಗುರೂ ನೋಡಿ. ಸಿಲ್ಲಿಡ್ ಅಲ್ಲೂ ಮರಿ ಮಾಡುತ್ತದೆ. ದೊಡ್ಡ ಹುಳು ತಲೆ ತಗ್ಗಿಸಿ, ಹಿಂಭಾಗ ಎತ್ತಿ ಓರೆಯಾಗಿ ಕೂತಿರುತ್ತದೆ. ಮರಿಗಳ ಹತ್ತಿರ ಬಿಳಿ ಮೇಣದ ಎಳೆ ಕಾಣುತ್ತದೆ.

ಸುಂಟಿಕೊಪ್ಪ ಬೆಳೆಗಾರ:
ಹಳೇ ಮರಗಳು ಬೀಜದವು. ಕೆಳಗಿನ ಸಾಲು ಕಸಿ, ನರ್ಸರಿಯಿಂದ ತಂದದ್ದು. ಕಾಯಿಲೆ ಮೊದಲು ಕಂಡದ್ದು ಕೆಳಗಿನ ಸಾಲಿನಲ್ಲೇ. ಹುಳುವಿನ ಡಿಎನ್‌ಎ ಕೂಡ ನೋಡುತ್ತೀರಾ?

ಎಲೆರೋಗ:
ನೋಡುತ್ತೇವೆ ಸರ್, ಅದರ ಕಥೆ ಬೇರೆಯೇ. ಫ್ಲೋರಿಡಾದಲ್ಲಿ ಹುಳು ಸಿಕ್ಕಿದ್ದು 1998ರಲ್ಲಿ, ರೋಗ 2005ರಲ್ಲಿ. ಅಲ್ಲಿನ ಹುಳು ನಮ್ಮ ಕಡೆಯ ಗುಂಪಿಗೆ ಹತ್ತಿರ, ಬ್ರೆಜಿಲ್‌ನದು ಆಗ್ನೇಯ ಏಷ್ಯಾದ ಗುಂಪಿಗೆ. ಹುಳು ಬಂದ ದಾರಿಯೇ ಬ್ಯಾಕ್ಟೀರಿಯಾದ್ದೂ ಅಂದುಕೊಳ್ಳುವ ಹಾಗಿಲ್ಲ, ಅದಕ್ಕೇ ಎರಡನ್ನೂ ಬೇರೆ ಬೇರೆ ನೋಡಬೇಕು.

ಕಸಿ ಸಾಲು ಮೊದಲು ಬಿದ್ದಿದೆ ಅಂದರೆ ನನಗೆ ಸಸಿ ಮೇಲೇ ಅನುಮಾನ. ಕಸಿಯ ಎಲೆ, ಹಳೇ ಮರದ ಎಲೆ ಬೇರೆ ಬೇರೆ ಕವರಿನಲ್ಲಿ ಹಾಕಿ. ತೊಟ್ಟು ಕೀಳಬೇಡಿ. ಪ್ರತಿ ಕವರಿನ ಮೇಲೆ ಗಿಡದ ಜಾಗ, ನೆಟ್ಟ ವರ್ಷ ಬರೆಯಿರಿ. ಪಕ್ಕದ ತೋಟದವರಿಂದಲೂ ನಾಲ್ಕು ಎಲೆ ಕೇಳಿ ತನ್ನಿ.