ಓದುಗರ ಸ್ಪಂದನ: ನಮ್ಮ ಮನೆಯವರಿಗೆ ಮೆದುಳಿನ ಗೆಡ್ಡೆ, ಯಾರ ಹತ್ತಿರ ಹೇಳಿಕೊಳ್ಳಲಿ?

ಸಮಸ್ಯೆ: ನಮ್ಮ ಮನೆಯವರ ಮೆದುಳಿನಲ್ಲಿ ಗೆಡ್ಡೆ ಇದೆಯಂತೆ. ಆಪರೇಷನ್ ಇನ್ನೂ ಆಗಿಲ್ಲ. ಮಾತ್ರೆ ಶುರುವಾದಾಗಿನಿಂದ ರಾತ್ರಿಯಿಡೀ ಎದ್ದು ಕೂರುತ್ತಾರೆ, ಮಕ್ಕಳ ಮೇಲೆ ರೇಗುತ್ತಾರೆ. ನೋಡಲು ಬಂದವರ ಮಾತು ಕೇಳಿ ಇನ್ನಷ್ಟು ಕುಗ್ಗುತ್ತಾರೆ. ನನಗೂ ಹೇಳಿಕೊಳ್ಳಲು ಯಾರಿಲ್ಲ.
— ಗೃಹಿಣಿ, ಬೇಲೂರು ತಾಲ್ಲೂಕು

ಆ ಸಿಟ್ಟೆಲ್ಲ ಅವರದೇ ಅಂದುಕೊಳ್ಳಬೇಡಿ ತಾಯಿ, ಮೊದಲು ಔಷಧಿ ಚೀಟಿ ನೋಡಿ. ಗೆಡ್ಡೆಯ ಸುತ್ತಲಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುತ್ತದೆ, ಹಸಿವು ಮತ್ತು ಸಿಡುಕು ಹೆಚ್ಚಿಸುತ್ತದೆ, ಸಕ್ಕರೆಯನ್ನೂ ಏರಿಸಬಹುದು. ಎರಡು ಹೊತ್ತು ಬರೆದಿದ್ದರೆ, ಎರಡನೆಯದನ್ನು ರಾತ್ರಿಯ ಬದಲು ಮಧ್ಯಾಹ್ನ 2 ಗಂಟೆಯೊಳಗೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಕೂಡ ಕೆಲವರಲ್ಲಿ ಸಿಟ್ಟು, ಖಿನ್ನತೆ ತರುತ್ತದೆ; ಅದಕ್ಕೆ ಬದಲಿ ಔಷಧಿಗಳಿವೆ. ನೀವಾಗಿಯೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ. ಡೆಕ್ಸಾಮೆಥಾಸೋನ್ ಏಕಾಏಕಿ ಬಿಟ್ಟರೆ ಊತ ಮರಳಬಹುದು, ರಕ್ತದೊತ್ತಡವೂ ಕುಸಿಯಬಹುದು; ಲೆವೆಟಿರಾಸೆಟಮ್ ಬಿಟ್ಟರೆ ಫಿಟ್ಸ್ ಬರಬಹುದು. ಗೆಡ್ಡೆ ಮೆದುಳಿನ ಮುಂಭಾಗದಲ್ಲಿದ್ದರೆ ಆ ಗೆಡ್ಡೆಯೇ ಸ್ವಭಾವ ಬದಲಿಸೀತು. ಆಗ ಯಾವುದರಲ್ಲೂ ಆಸಕ್ತಿಯಿಲ್ಲದೆ ಸುಮ್ಮನೆ ಕೂತ ರೋಗಿಯನ್ನು ಮನೆಮಂದಿ ಸೋಮಾರಿ ಅನ್ನುವುದುಂಟು. ಮಾತ್ರೆ ನುಂಗಿದ ಹೊತ್ತು, ಸಿಟ್ಟು ಬಂದ ಹೊತ್ತು, ನಿದ್ದೆಯ ಗಂಟೆ ಇವನ್ನು ಒಂದು ವಾರ ಬರೆದಿಟ್ಟು ತೋರಿಸಿ. ತಲೆನೋವು, ವಾಂತಿ, ಮಂಪರು ಹೆಚ್ಚಿದರೆ ವಾರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೊರಡಿ.
— ನಿವೃತ್ತ ನರ್ಸ್, ಹಾಸನ

ನಿಮಗಾಗಿಯೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾತಾಡಬೇಕೆಂದಿಲ್ಲ. "ಮನೆಯವರಿಗೆ ಮೆದುಳಿನ ಗೆಡ್ಡೆ, ನನಗೆ ನಿದ್ದೆ ಬರುತ್ತಿಲ್ಲ" ಅಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಎದುರು ಕೂತು ಮಾತಾಡಬೇಕೆನಿಸಿದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ತೊಂದರೆಗಳಿಗೆಂದೇ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಉಂಟು. ಆ ವಾರ ಡಾಕ್ಟರು ಬರುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಆಪರೇಷನ್‌ಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದಾದರೆ, ಅಲ್ಲಿನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗವನ್ನು ಕಾಣಬೇಕೆಂದು ನ್ಯೂರೋಸರ್ಜರಿ ಡಾಕ್ಟರಿಗೆ ಹೇಳಿ. ಕೇಳದಿದ್ದರೆ ಆ ನೂಕುನುಗ್ಗಲಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಈ ವಾರದ ಸಂಕಟಕ್ಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಎಂದು ಇಬ್ಬರೂ ಬೇರೆಬೇರೆಯಾಗಿ ಬರೆಯಿರಿ. 4 ಅಥವಾ ಅದಕ್ಕಿಂತ ಹೆಚ್ಚಾದರೆ ಡಾಕ್ಟರಿಗೆ ಹೇಳಲೇಬೇಕು. "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಅಂದೇ ಫೋನ್ ಮಾಡಿ, ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿಗೂ ಮಾತ್ರೆ ಡಬ್ಬಿಗೂ ಬೀಗ ಹಾಕಿ.
— ಆಪ್ತ ಸಮಾಲೋಚಕಿ, ಚಿಕ್ಕಮಗಳೂರು

ಅಕ್ಕಾ, ಗೆಡ್ಡೆ ಅಂದರೆ ಕ್ಯಾನ್ಸರೇ ಅನ್ನುವ ನೆಂಟರಿಗೆ ಬಾಗಿಲಲ್ಲೇ ಹೇಳಿಬಿಡಿ: ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾದಂಥವು ಬಹುಪಾಲು ಕ್ಯಾನ್ಸರ್ ಅಲ್ಲ, ಗೆಡ್ಡೆಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಗದೆ ಯಾವ ದರ್ಜೆ ಎಂದು ಖಚಿತವಾಗಿ ಹೇಳಲಾಗದು. "ಏನಾದರೂ ಬೇಕಾದರೆ ಹೇಳಿ" ಎನ್ನುವವರಿಗೆ ಕೆಲಸವನ್ನೇ ವಹಿಸಿ. ಒಬ್ಬರು ಬೆಂಗಳೂರಿಗೆ ಜೊತೆ ಬರಲಿ, ಒಬ್ಬರು ಕಾಫಿ ಕೊಯ್ಲು ನೋಡಿಕೊಳ್ಳಲಿ, ಮೈದುನನೋ ಯಾರೋ ಫೋನಿಗೆ ಉತ್ತರ ಕೊಡಲಿ. ಮಕ್ಕಳಿಗೆ ಮುಚ್ಚಿಡಬೇಡಿ: "ಅಪ್ಪನಿಗೆ ಹುಷಾರಿಲ್ಲ, ಅದಕ್ಕೇ ಸಿಟ್ಟು. ನಿನ್ನ ತಪ್ಪಲ್ಲ, ಇದು ಅಂಟುವ ಕಾಯಿಲೆಯೂ ಅಲ್ಲ." ಕ್ಲಾಸ್ ಟೀಚರಿಗೂ ತಿಳಿಸಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವವರನ್ನು ದೂರವಿಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 5 ನಿಮಿಷ ಮೀರಿದರೆ 108. ಬೈಕಿನ ಕೀ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ.
— ಶಿಕ್ಷಕಿ, ಮೂಡಿಗೆರೆ