ಹಳೆ ಹಾಯಿದೋಣಿ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ (ಕಲಬುರಗಿಯಿಂದ):
ನಮಸ್ಕಾರ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ನಡೆಸುವುದು ಕಲಿತು ಎರಡು ವರ್ಷ ಆಯಿತು. ಈಗ ಅಲ್ಲೇ ಒಬ್ಬರು ಹಳೆಯ ಎಂಟರ್‌ಪ್ರೈಸ್ (ಇಬ್ಬರು ನಡೆಸುವ ಸಣ್ಣ ಹಾಯಿದೋಣಿಯ ಒಂದು ಮಾದರಿ) ಮಾರುತ್ತಿದ್ದಾರೆ. ಫೈಬರ್‌ನದು. ಹೊಸ ಬಣ್ಣ ಹಚ್ಚಿಸಿದ್ದಾರೆ, ಫೋಟೋದಲ್ಲಿ ಫಳಫಳ ಹೊಳೆಯುತ್ತಿದೆ. ಅನುಮತಿ ಸಿಕ್ಕರೆ ಕಾರಂಜಾ ಜಲಾಶಯದಲ್ಲಿ ಬಿಡುವ ಆಸೆ. ದೋಣಿ ರಿಪೇರಿ ಮಾಡುವ ನೀವು ಈ ಗುಂಪಿನಲ್ಲಿದ್ದೀರಿ ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ. ನಾನೇ ಹೋಗಿ ಏನು ನೋಡಲಿ?

ಉತ್ತರ (ದೋಣಿ ರಿಪೇರಿಯವರು, ಬೀದರ್):
ಹೊಸ ಬಣ್ಣ ಅಂದ ತಕ್ಷಣ ನನಗೆ ಚಿಂತೆ ಆಯಿತು. ನಾನು ಕರಾವಳಿಯ ಶೆಡ್ಡಿನಲ್ಲಿ ಕೆಲಸ ಕಲಿಯುವಾಗ ನನ್ನ ದುಡ್ಡಿನಲ್ಲಿ ಕೊಂಡ ಮೊದಲ ದೋಣಿಯೂ ಹೀಗೇ ಹೊಳೆಯುತ್ತಿತ್ತು. ಮೂರನೇ ದಿನ ತಳದಲ್ಲಿ ಗೇಣುದ್ದ ಬಿರುಕು ಕಾಣಿಸಿತು. ಲಪ್ಪ (ಪುಟ್ಟಿ) ತುಂಬಿ, ಮೇಲೆ ಬಣ್ಣ ಬಳಿದಿದ್ದರು. ಅವತ್ತಿನಿಂದ ನಾನು ದೋಣಿಯನ್ನು ಮೊದಲು ಕಿವಿಯಿಂದ ನೋಡುತ್ತೇನೆ.

ನಿಮ್ಮೂರಲ್ಲಿ ಗೌಂಡಿಗಳು ಶಹಾಬಾದ್ ಪರಸಿ ಹಾಕಿದ ಮೇಲೆ ಕರಣಿ ಹಿಡಿಯಿಂದ ತಟ್ಟಿ ನೋಡುತ್ತಾರಲ್ವಾ? ಕೆಳಗೆ ಪೊಳ್ಳು ಇದ್ದರೆ ದನಿ ಬದಲಾಗುತ್ತದೆ. ಇಲ್ಲೂ ಅದೇ ವಿದ್ಯೆ. ದೋಣಿಯನ್ನು ಮಗುಚಿ ಹಾಕಿಸಿ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೂಗಿನಿಂದ ಹಿಂಬದಿಯವರೆಗೆ ನಾಲ್ಕು ಬೆರಳಿಗೊಂದು ಪೆಟ್ಟು, ಮೆಲ್ಲಗೆ. ಗಟ್ಟಿ ಫೈಬರ್ 'ಟಕ್ ಟಕ್' ಅನ್ನುತ್ತದೆ. ಪದರ ಬಿಟ್ಟಿದ್ದರೆ, ಒಳಗೆ ನೀರು ಕುಡಿದಿದ್ದರೆ 'ದಬ್' ಅಂತ ಸತ್ತ ದನಿ. ಅಂಥ ಜಾಗಕ್ಕೆಲ್ಲ ಚಾಕ್‌ಪೀಸಿನಿಂದ ಸುತ್ತು ಹಾಕುತ್ತಾ ಹೋಗಿ. ಕೊನೆಗೆ ದೂರ ನಿಂತು ನೋಡಿ. ಸುತ್ತುಗಳು ಒಂದೇ ಕಡೆ ಗುಂಪಾಗಿದ್ದರೆ ಅಲ್ಲಿ ಏಟು ಬಿದ್ದಿರಬಹುದು. ಇದಕ್ಕೆ ಒಂದು ಗಂಟೆ ಹಿಡಿಯಲಿ, ಅವಸರ ಬೇಡ. ಮಾರುವವರಿಗೆ ಬೇಜಾರಾದರೂ ಪರವಾಗಿಲ್ಲ.

ಆಮೇಲೆ ತೂಕ. ಎಂಟರ್‌ಪ್ರೈಸ್‌ನ ಬರೀ ಒಡಲು, ಅಂದರೆ ಕಂಬ, ಹಾಯಿ, ಚುಕ್ಕಾಣಿ ಬಿಚ್ಚಿದ ಮೇಲೆ, ಸುಮಾರು 94 ಕೆಜಿ ಇರಬೇಕು. ಪರಿಚಯದ ಅಡತಿಯವರಿಂದ ತೊಗರಿ ಚೀಲ ತೂಗುವ ಕಾಟಾ ಎರಡು ಇಸ್ಕೊಂಡು ಹೋಗಿ. ಮೂಗಿನ ಕೆಳಗೆ ಒಂದು, ಹಿಂದೆ ಒಂದು ಇಟ್ಟು ಕೂಡಿಸಿ. ಐದಾರು ಕೆಜಿ ಹೆಚ್ಚಿದ್ದರೆ ಬಿಡಿ, ಹಳೆ ದೋಣಿಗೆ ಅದು ಸಹಜ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ನೀರು ಎಲ್ಲೋ ಒಳಗೆ ಕೂತಿರಬಹುದು, ಇಲ್ಲವೇ ಒಳಗೆ ದಪ್ಪ ತೇಪೆ ಇರಬಹುದು.

ಪಕ್ಕದ ಗಾಳಿ ಟ್ಯಾಂಕುಗಳೇ ದೋಣಿ ಮಗುಚಿದಾಗ ನಿಮ್ಮ ಜೀವ ಉಳಿಸುವುದು. ನೀರು ಬಿಡುವ ತೂತಿಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾಯಿಂದ ಊದಿ. ಇನ್ನೊಬ್ಬರು ಜೋಡಣೆಯ ಮೇಲೆಲ್ಲ ಸೋಪಿನ ನೀರು ಹಚ್ಚಲಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡಿದ ಹಾಗೆ ಗುಳ್ಳೆ ಎದ್ದ ಕಡೆ ಸೋರಿಕೆ. ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಚೆನ್ನಾಗಿರುವ ಜೋಡಣೆಯೂ ಬಾಯಿ ಬಿಡುತ್ತದೆ.

ಕಂಬವನ್ನು ಹಿಡಿದು ನಿಲ್ಲಿಸಿರುವ ಉಕ್ಕಿನ ತಂತಿಗಳ ಮೇಲೆ ಒಂದು ಹಿಡಿ ಹತ್ತಿ ಸುತ್ತಿ ಮೇಲಿಂದ ಕೆಳಗೆ ಎಳೆಯಿರಿ. ಹತ್ತಿ ಸಿಕ್ಕಿಕೊಂಡ ಕಡೆ ತಂತಿಯ ಒಂದು ಎಳೆ ಮುರಿದಿದೆ. ಒಂದೇ ಎಳೆ ಮುರಿದಿದ್ದರೂ ತಂತಿ ಬದಲಿಸಲೇಬೇಕು, ಇದರಲ್ಲಿ ರಾಜಿ ಇಲ್ಲ. ಅಲ್ಯೂಮಿನಿಯಂ ಕಂಬದಲ್ಲಿ ಸ್ಟೀಲ್ ರಿವೆಟ್ ಇರುವ ಕಡೆ ಬಿಳಿ ಪುಡಿ ಕಂಡರೆ ಅಲ್ಲಿ ಲೋಹ ಸವೆಯುತ್ತಿದೆ. ದೋಣಿ ಮೊದಲು ಸಮುದ್ರದಲ್ಲಿ ಇತ್ತಾ ಅಂತ ಕೇಳಿ. ಉಪ್ಪುನೀರಿನಲ್ಲಿ ಈ ಕಾಟ ಜಾಸ್ತಿ.

ಹಾಯಿಯಲ್ಲಿ ಬಟ್ಟೆಗಿಂತ ಮುಂಚೆ ಹೊಲಿಗೆ ಸಾಯುತ್ತದೆ, ನಮ್ಮ ಬಿಸಿಲು ಅಂಥದ್ದು. ಉಗುರಿನಿಂದ ದಾರ ಕೆರೆಯಿರಿ. ಪಟ್ ಅಂತ ಹರಿದರೆ ಪೂರ್ತಿ ಹೊಲಿಸಬೇಕು. ಚುಕ್ಕಾಣಿ ಸಡಿಲ ಇದ್ದರೆ ಚಿಂತೆ ಬೇಡ, ಸಣ್ಣ ಖರ್ಚು.

ಯಾದಗಿರಿಯಿಂದ ಇನ್ನೊಬ್ಬರು:
ನನಗೆ ಒಬ್ಬರು ಲೇಸರ್ ದೋಣಿ ತೋರಿಸಿದ್ದಾರೆ. ನಾರಾಯಣಪುರದ ಬಸವಸಾಗರ ಹಿನ್ನೀರಿಗೆ ಆಗುತ್ತಾ?

ಉತ್ತರ:
ಲೇಸರ್ ಒಬ್ಬರೇ ನಡೆಸುವ ದೋಣಿ, ಒಡಲು 59 ಕೆಜಿ. ಅದರ ಕಂಬಕ್ಕೆ ತಂತಿಯ ಆಸರೆ ಇಲ್ಲ. ಇಡೀ ಭಾರ ಕಂಬ ಕೂರುವ ಆ ಒಂದೇ ಗುಂಡಿಯ ಮೇಲೆ. ಹಾಗಾಗಿ ಮೊದಲು ಆ ಗುಂಡಿಗೆ ಬಾಯಿತನಕ ನೀರು ತುಂಬಿ, ಪೆನ್ಸಿಲ್ ಗುರುತು ಹಾಕಿ, ಕಾಲು ಗಂಟೆ ಬಿಡಿ. ಮಟ್ಟ ಇಳಿದರೆ ನೀರು ದೋಣಿಯೊಳಗೆ ಹೋಗುತ್ತಿದೆ. ಅಂಥದ್ದನ್ನು ಸರಿ ಮಾಡದೆ ನೀರಿಗಿಳಿಸಿದರೆ ಗಾಳಿಗೆ ಕಂಬ ಡೆಕ್ಕನ್ನೇ ಕಿತ್ತುಕೊಂಡು ಬೀಳಬಹುದು.

ಇನ್ನೊಂದು ಮಾತು. ದೋಣಿ ಅಡ್ಡಕ್ಕೆ ಜಾರದಂತೆ ತಳದಿಂದ ನೀರಿಗಿಳಿಸುವ ಹಲಗೆ ಇರುತ್ತದಲ್ಲ, ಲೇಸರ್‌ನಲ್ಲಿ ಅದು ನೆಟ್ಟಗೆ ಇಳಿಯುತ್ತದೆ, ಕಲ್ಲಿಗೆ ಬಡಿದರೆ ಮಡಚುವುದಿಲ್ಲ. ಎಂಟರ್‌ಪ್ರೈಸ್‌ನದು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬೇಸಿಗೆಗೆ ನೀರು ಇಳಿಯುವ ನಮ್ಮ ಜಲಾಶಯಗಳಿಗೆ ನನಗೆ ಎಂಟರ್‌ಪ್ರೈಸೇ ಇಷ್ಟ. ಕೃಷ್ಣೆಯಲ್ಲಿ ಮೊಸಳೆ ಇವೆ ಅನ್ನುವುದು ನಿಮಗೇ ಗೊತ್ತು. ಮಗುಚಿ ಮಗುಚಿ ಕಲಿಯುವ ಜಾಗ ಅದಲ್ಲ. ನೀರಾವರಿಯವರ ಅನುಮತಿಯನ್ನು ಬರಹದಲ್ಲಿ ತೆಗೆದುಕೊಂಡ ಮೇಲೆಯೇ ಮುಂಗಡ ಕೊಡಿ.

ಪ್ರಶ್ನೆ ಕೇಳಿದವರು, ವಾರದ ನಂತರ:
ಹೋಗಿ ಬಂದೆ. ತಂತಿ, ಕಂಬ ಚೆನ್ನಾಗಿವೆ. ತಟ್ಟಿದಾಗ ಬಲಗಡೆ ಟ್ಯಾಂಕಿನ ಕೆಳಗೆ ಮೂರು ಕಡೆ ಸತ್ತ ದನಿ. ತೂಕ 121 ಕೆಜಿ! ಮಾರುವವರು 'ಅದು ಬಣ್ಣದ ಭಾರ' ಅನ್ನುತ್ತಾರೆ.

ಉತ್ತರ:
ಬಣ್ಣ ಅಷ್ಟು ತೂಗುವುದಿಲ್ಲ ರೀ. 27 ಕೆಜಿ ಅಂದರೆ ಒಂದು ಕೊಡ ನೀರಿಗಿಂತ ಹೆಚ್ಚು. ಬಲಗಡೆ ಟ್ಯಾಂಕಿನೊಳಗೆ ತೇಲುವುದಕ್ಕೆ ತುಂಬಿದ ಫೋಮ್ ಇದ್ದರೆ ಅದು ನೀರು ಕುಡಿದಿರಬೇಕು, ಇಲ್ಲವೇ ಒಳಗಿನಿಂದ ದಪ್ಪ ತೇಪೆ ಹಾಕಿರಬೇಕು. ಟ್ಯಾಂಕಿನ ಮೇಲೆ ಅಂಗೈಯಗಲ ಕತ್ತರಿಸಿ ಮುಚ್ಚಳ ಕೂರಿಸಲು ಒಪ್ಪುತ್ತಾರಾ ಕೇಳಿ, ಮುಚ್ಚಳದ ಖರ್ಚು ನಿಮ್ಮದೇ ಇರಲಿ. ಒಪ್ಪದಿದ್ದರೆ ಆ ದೋಣಿ ಬಿಟ್ಟುಬಿಡಿ. ಒಪ್ಪಿದರೆ ಕೈ ಹಾಕಿ ಫೋಮ್ ಹಿಂಡಿ ನೋಡಿ. ಬರೀ ನೀರಾಗಿದ್ದರೆ ಹಳೆ ಫೋಮ್ ಕಿತ್ತು ಹಾಕಿ, ಏಪ್ರಿಲ್ ಬಿಸಿಲಿಗೆ ಬಾಯಿ ತೆರೆದಿಟ್ಟು ಒಣಗಿಸಿ, ಹೊಸದು ತುಂಬಬಹುದು. ತೇಪೆ ಕಂಡರೆ ಅದು ಎಷ್ಟುದ್ದ ಇದೆ ಅನ್ನುವುದರ ಮೇಲೆ ಮಾತು. ದುಡ್ಡು ಕೊಡುವ ಮುಂಚೆ ಒಳಗಿನ ಫೋಟೋ ಟಾರ್ಚ್ ಬಿಟ್ಟು ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.